ಕುರಿ ಮಲಗಿದ ನೆಲ

ಹಾಜಿರಾಬಿ ತನ್ನ ಟಿಕೀಟಿನ ಸಂಗಡ ಅವನ ಟಿಕೀಟನ್ನೂ ತಾನೇ ತೆಗೆಸಿಬಿಟ್ಟಳು. ಕಂಡಕ್ಟರ ಎರಡನ್ನೂ ಹರಿದು ಅವಳ ಕೈಗಿತ್ತಾಗ ಭೀಮಸಿಯ ಕೈ ಇನ್ನೂ ಕಿಸೆಯೊಳಗೇ ಇತ್ತು. “ಬ್ಯಾಡಾಗಿತ್ರಿ, ನಾ ತೆಗಸ್ತಿದ್ನಿ,” ಎಂದ. “ಇರ್ಲಿ ಬಿಡ್ರಿ ಸಾಹೇಬ. ನನ್ನ ಸಲುವಾಗಿ ರಜಾ ಹಾಕಿ ಬಂದೀರಿ,” ಎಂದು ಅವಳು ಟಿಕೀಟುಗಳನ್ನು ಮಡಿಸಿ ಬಳೆಯ ಸಂದಿಗೆ ಸಿಗಿಸಿಕೊಂಡಳು. ಬಸ್ಸು ನಿಪ್ಪಾಣಿ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಆಗಲೇ ಅವನಿಗೆ ಈ ಹೆಂಗಸಿನ ಮೇಲೆ ಸಿಟ್ಟು ಬಂದಿತ್ತು. ಬೀಡಿ ಕಟ್ಟುವವಳು. ಮೊರದ ಮುಂದೆ ಅರ್ಧ ದಿನ ಬಗ್ಗಿ ಕೂತು ಕಟ್ಟಿದ್ದು ಈ ಟಿಕೀಟಿಗೆ ಹೋಗಿರಬೇಕು. ಇವಳು ಸ್ವಲ್ಪ ಒರಟಾಗಿದ್ದರೆ, ಚೌಕಾಶಿ ಮಾಡಿದ್ದರೆ, ನಿನ್ನನ್ನು ಹೇಗೆ ನಂಬಲಿ ಎಂದು ಒಮ್ಮೆಯಾದರೂ ಮುಖಕ್ಕೆ ಕೇಳಿದ್ದರೆ ಅವನ ಕೆಲಸ ಹಗುರಾಗುತ್ತಿತ್ತು. ಅಂಗಿಯ ಒಳಕಿಸೆಯಲ್ಲಿ ಬಾಂಡ್ ಕಾಗದವಿತ್ತು. ಮಾರುವವನ ಜಾಗದಲ್ಲಿ ಅವನ ಹೆಸರು ಟೈಪಾಗಿತ್ತು, ಕೊಳ್ಳುವವರ ಜಾಗ ಖಾಲಿ ಇತ್ತು. ಅಂಕಲಿಯ ಹೊರಗೆ ಕೃಷ್ಣಾ ಹೊಳೆಯ ಕಡೆಗೆ ಇಳಿಯುವ ಹೊಲದಲ್ಲಿ ‘ಕೃಷ್ಣಾದರ್ಶನ ನಗರ’ ಎಂಬ ಹೊಸ ಲೇಔಟು, ಅದರಲ್ಲಿ ಹದಿನೇಳನೆಯ ಪ್ಲಾಟು. ಮಳೆಗಾಲದಲ್ಲಿ ಅದರ ಮೇಲೆ ಒಂದಾಳು ಮೀರಿ ಹೊಳೆಯ ನೀರು ನಿಲ್ಲುತ್ತಿತ್ತು. ಇದು ಅವನಿಗೆ ಗೊತ್ತಿತ್ತು, ಹಾಜಿರಾಬಿಗೆ ಗೊತ್ತಿರಲಿಲ್ಲ. ಅವನ ಅವ್ವನಿಗೂ ಅಣ್ಣನಿಗೂ ಗೊತ್ತಿರಲಿಲ್ಲ. ಅವರು ಇನ್ನೊಂದು ವಾರದಲ್ಲಿ ಕುರಿ ಹೊಡೆದುಕೊಂಡು ಹೊಳೆದಂಡೆಗೆ ಬರುವವರಿದ್ದರು. ಅಷ್ಟರೊಳಗೆ ಕಾಗದದ ಮೇಲಿನ ಖಾಲಿ ಜಾಗ ತುಂಬಬೇಕು, ಬಂದ ಹಣದಲ್ಲಿ ಅಥಣಿಯ ಸಂತೆಯಿಂದ ನಲವತ್ತು ಕುರಿ ತಂದು ಹಿಂಡಿಗೆ ಬಿಟ್ಟು, ಪ್ಲಾಟಿನ ಹವ್ಯಾಸ ಸಾಕಾಯಿತು ಎಂದು ನಕ್ಕುಬಿಡಬೇಕು. ಹೇಗೆ ನಗಬೇಕೆಂಬುದನ್ನೂ ಅವನು ಯೋಚಿಸಿಟ್ಟಿದ್ದ.

ಒಂದು ವರ್ಷದ ಹಿಂದೆ, ತೊಂಬತ್ಮೂರರ ಮಾರ್ಚಿನಲ್ಲಿ, ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಎದುರಿನ ಆಫೀಸಿಗೆ ಮೊದಲ ಸಲ ಹೋದಾಗ ಲೇಔಟಿನ ಮಾಲಕ ಬಾಪುಸಾಹೇಬ ಅವನಿಗೆ ಕುರ್ಚಿ ಕೊಟ್ಟಿದ್ದ. ಇದನ್ನು ನೆನೆದಾಗಲೆಲ್ಲ ಭೀಮಸಿಯ ಕಿವಿ ಬಿಸಿಯಾಗುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದರೂ ಅಲ್ಲಿಯ ಧಣಿ ಅವನಿಗೆ ಒಮ್ಮೆಯೂ ಕೂಡು ಅಂದಿರಲಿಲ್ಲ. ತಕ್ಕಡಿಯ ಪಕ್ಕ ನಿಂತೇ ತೂಕ ಬರೆಯುತ್ತಿದ್ದ, ನಿಂತೇ ಸೀನುತ್ತಿದ್ದ. ಬಾಪುಸಾಹೇಬ ಫ್ಯಾನಿನ ಮುಖವನ್ನು ಅವನ ಕಡೆ ತಿರುಗಿಸಿದ, ಕಪ್ಪು-ಬಶಿಯಲ್ಲಿ ಚಹಾ ತರಿಸಿದ. “ಕಲಿತ ಹುಡುಗ ಅದಿ. ನಿಮ್ಮ ಮಂದಿ ಎಲ್ಲಾ ಕುರಿ ಬಾಲಾ ಹಿಡಕೊಂಡು ಅಡ್ಡಾಡಿ ಅಡ್ಡಾಡಿ ಸತ್ತರು. ನೀನರ ಒಂದ್ ಕಡೆ ನೆಟ್ಟಗ ಊರು,” ಎಂದ. ಅದು ಬೈಗುಳವೆಂದು ಆಗ ಅನಿಸಲೇ ಇಲ್ಲ. ಕುರ್ಚಿಯ ಮೇಲೆ ಕೂತವನಿಗೆ ಬೈಗುಳ ಬೇರೆ ಥರ ಕೇಳಿಸುತ್ತದೆ. ಗೋಡೆಗೆ ಲೇಔಟಿನ ನಕಾಶೆ ತೂಗುಹಾಕಿದ್ದರು. ಕೆಂಪು ಚೌಕಗಳು, ಹಸಿರು ಬಣ್ಣದ ಉದ್ಯಾನ, ಗುಡಿಗೆ ಬಿಟ್ಟ ಜಾಗ. ಕೆಳಗಿನ ಅಂಚಿನಲ್ಲಿ ಬೆರಳಗಲದ ನೀಲಿ ಪಟ್ಟಿಯಾಗಿ ಹೊಳೆ. ಎಷ್ಟು ಶಿಸ್ತಿನ ಹೊಳೆ ಅದು, ಎಲ್ಲಿಯೂ ಗೆರೆ ದಾಟಿರಲಿಲ್ಲ. ಚಿಕ್ಕೋಡಿಯ ಹಾಸ್ಟೆಲಿನಲ್ಲಿ ಪಿಯುಸಿ ಓದಿದವನು ಕೇಳಬೇಕಾದುದನ್ನೆಲ್ಲ ಅವನು ಕೇಳಿದ್ದ. ಜಮೀನಿನ ಉತಾರ ನೋಡಿದ, ಸರ್ವೆ ನಂಬರು ತಾಳೆ ಹಾಕಿದ, ಸೊಸಾಯಿಟಿಯ ಸಾಲದ ಬೋಜಾ ಇದೆಯೇ ಎಂದು ವಿಚಾರಿಸಿದ. ಹೊಲದ ನೆಲ ಗುಂಟೆಗಟ್ಟಲೆ ನೋಂದಣಿಯಾಗುವುದಿಲ್ಲ, ಸದ್ಯ ಮುಂಗಡ ಕೊಟ್ಟು ಬಾಂಡಿನ ಮೇಲೆ ಸಂಚಕಾರ ಬರೆಯೋಣ ಎಂದದ್ದಕ್ಕೂ ತಲೆಯಾಡಿಸಿದ. ಎಲ್ಲರೂ ಹಾಗೆಯೇ ಕೊಳ್ಳುತ್ತಿದ್ದರು. ಕೊನೆಗೆ “ನೆಲ ಹೆಂಗೈತ್ರಿ?” ಎಂದ. ಬಾಪುಸಾಹೇಬ ನಕ್ಕಿದ್ದ. “ನನ್ನ ಕೇಳ್ತಿ ಏನೋ? ನಿಮ್ಮವ್ವನ್ನ ಕೇಳು. ಮೂವತ್ತ ವರ್ಷ ಅದ ಹೊಲದಾಗ ಕುರಿ ತರುಬ್ಯಾಳ. ಆಕಿಗಿಂತ ಹೆಚ್ಚಿಗಿ ಆ ನೆಲದ ಸುದ್ದಿ ಯಾರಿಗೆ ಗೊತ್ತೈತಿ?”

“ನಿಮ್ಮವ್ವ ಕುರಿಯಾಕಿ ಅಂತಲ್ರಿ?” ಹಾಜಿರಾಬಿ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು. ಅವಳ ಹೆಬ್ಬೆರಳಿನ ಉಗುರು ತಂಬಾಕಿನ ಬಣ್ಣಕ್ಕೆ ತಿರುಗಿತ್ತು. “ಬಾಪುಸಾಹೇಬರು ಅಂದ್ರು. ಪ್ಲಾಟಿನ ಖಾತ್ರಿ ಬೇಕಾದ್ರ ಕುರುಬರ ಭೀಮಸಿನ್ನ ಕೇಳ್ರಿ, ಅವರವ್ವ ಮಣ್ಣ ಮುಟ್ಟಿ ನೋಡಿ ತಗೊಂಡಾಳ ಅಂತ. ಅದಕ ನನಗ ಹಿಮ್ಮತ್ ಬಂತು ನೋಡ್ರಿ. ಪ್ಲಾಟಿನ ಮಂದಿ ಸಾವಿರ ಹೇಳ್ತಾರ. ಕುರಿ ಕಾಯಾಕಿಗೆ ಸುಳ್ಳ ಹೇಳಿ ಏನ್ ಸಿಗೂದೈತಿ?”

“ಹೌದ್ರಿ,” ಎಂದ ಭೀಮಸಿ.

“ಹದಿಮೂರ ಬಾಡಿಗಿ ಮನಿ ಬದಲಿ ಮಾಡೀನಿ ಸಾಹೇಬ. ಒಬ್ಬವಾ ತಂಬಾಕದ ಘಾಟು ಅಂತ ಬಿಡಸ್ದ. ಇನ್ನೊಬ್ಬಾಕಿ ಮಗಳ ಬಾಣಂತನ ನಮ್ಮ ಮನ್ಯಾಗ ಬ್ಯಾಡ ಅಂದ್ಲು. ಮತ್ತೊಬ್ಬಾಂವ ಏನೂ ಹೇಳ್ಲಿಲ್ಲ, ಹಂಚ ತೆಗದ ಬಿಟ್ಟ. ಮಳಿ ಬಂದ ಕೂಡ್ಲೆ ನಾವ ಎದ್ದ ಹೋದಿವಿ.” ಅವಳು ಇದನ್ನು ನಗುತ್ತಲೇ ಹೇಳಿದಳು. “ನನಗೇನ್ ಮಾಳಿಗಿ ಬ್ಯಾಡ. ನಾಕ ತಗಡಿನ ಪತ್ರಾಸ ಹಾಕ್ಕೋತೀನಿ. ಏಳು ಅನ್ನವ್ರು ಇರಬಾರದು, ಅಷ್ಟ.”

ಏಳು ಅನ್ನುವವಳು ಬರುತ್ತಾಳೆ, ಆಗಸ್ಟಿನಲ್ಲಿ ಹೊಳೆಯಾಗಿ ಬರುತ್ತಾಳೆ, ಎಂದು ಭೀಮಸಿಗೆ ಅನಿಸಿತು. ಇಂಥ ಮಾತು ತಲೆಗೆ ಬಂದುದಕ್ಕೆ ಹೇಸಿಕೆಯಾಯಿತು. ಹೇಸಿಕೆಯ ಬೆನ್ನಿಗೇ, ಇವಳ್ಯಾಕೆ ತನಗೆ ಇದನ್ನೆಲ್ಲ ಹೇಳಬೇಕು ಎಂಬ ಸಿಟ್ಟು. ವಖಾರಿಯಲ್ಲಿ ತಂಬಾಕಿನ ಬೋದ ತೂಗಿಸಲು ಬರುವ ರೈತರೂ ಹೀಗೆಯೇ. ತಕ್ಕಡಿಯ ಕಡೆ ನೋಡದೆ ಮನೆಯ ಸುದ್ದಿ ಹೇಳುತ್ತಾರೆ, ಧಣಿಯ ಬೆರಳು ಎಲ್ಲಿದೆ ಎಂದು ನೋಡುವುದೇ ಇಲ್ಲ. ಅವನು ನೋಡುತ್ತಾನೆ. ನೋಡಿ, ತಕ್ಕಡಿ ಹೇಳಿದಷ್ಟನ್ನೇ ಬರೆಯುತ್ತಾನೆ. ನಾಲ್ಕು ವರ್ಷದಿಂದ ಅವನ ಪ್ರಾಮಾಣಿಕತೆ ಅಂದರೆ ಇಷ್ಟೇ.

ಅವ್ವ ಮಲಕವ್ವ ನಿಜಕ್ಕೂ ಮಣ್ಣು ಮುಟ್ಟಿ ನೋಡಿದ್ದಳು. ಆಗ ಶಿವರಾತ್ರಿ ಮುಗಿದಿತ್ತು, ಜೋಳ ಕೊಯ್ದಿತ್ತು, ಹಿಂಡು ಅದೇ ಹೊಲದಲ್ಲಿ ಬಂದು ಬಿದ್ದಿತ್ತು. ಪ್ರತಿವರ್ಷ ಹಾಗೆಯೇ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ನೆಲಕ್ಕೆ ಗೊಬ್ಬರ, ಕುರುಬರಿಗೆ ರಾತ್ರಿಗಿಷ್ಟು ಎಂದು ಜೋಳ. ಬಾಪುಸಾಹೇಬ ಆ ವರ್ಷವೇ ಹೊಲವನ್ನು ಕೊಂಡು ಸುಣ್ಣ ಬಳಿದ ಕಲ್ಲು ನೆಡಿಸಿದ್ದ. ಕುರಿಗಳು ಕಲ್ಲುಗಳ ನಡುವೆಯೇ ಮಲಗುತ್ತಿದ್ದವು. ಅವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ ಹದಿನೇಳನೆಯ ಪ್ಲಾಟಿನ ನಾಲ್ಕೂ ಮೂಲೆ ತುಳಿದು, ಹೆಂಟೆಯೊಂದನ್ನು ಅಂಗೈಯಲ್ಲಿ ಪುಡಿಮಾಡಿ, “ಇಲ್ಲಿ ಕುರಿ ಒಂದ ರಾತ್ರಿನೂ ಎದ್ದ ನಿಂತಿಲ್ಲ. ಹಸಿ ಇದ್ರ ಅವು ಮಲಗೂದಿಲ್ಲ, ಮುಂಜಾನಿ ತನಕ ಒದರತಾವು. ನೀ ಹುಟ್ಟಿ ಹನ್ನೆರಡನೇ ದಿನಕ್ಕ ಇದ ಬದುವಿನ ಮ್ಯಾಲ ನಿನ್ನ ಕಂಬಳ್ಯಾಗ ಮಲಗ್ಸಿದ್ನಿ. ಸೀತ ಸಹಿತ ಆಗ್ಲಿಲ್ಲ ನಿನಗ,” ಎಂದಿದ್ದಳು. ಅರವತ್ತು ವರ್ಷ ಒಂದೇ ಕಡೆ ಒಲೆ ಹೂಡದವಳು, ಮೂರು ಕಲ್ಲನ್ನು ಕುದುರೆಯ ಮೇಲೆ ಹೇರಿಕೊಂಡು ಅಡ್ಡಾಡಿದವಳು, ಒಲೆ ಎಲ್ಲಿರಬೇಕೆಂದು ಕೈ ಮಾಡಿ ತೋರಿಸಿದಳು. ಅಣ್ಣ ಮಲಕಾರಿ ಮಾತ್ರ ಮುಖ ತಿರುಗಿಸಿ ನಿಂತಿದ್ದ. ಹಿಂಡಿನಲ್ಲಿ ಎಡಕಿವಿ ಕತ್ತರಿಸಿದ ಕುರಿ ಅವನವು, ಬಲಕಿವಿ ಕತ್ತರಿಸಿದ್ದು ಭೀಮಸಿಯವು. ಭೀಮಸಿ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ, ವಖಾರಿಯಲ್ಲಿ ನಿಂತು ಬರೆಯುತ್ತಿದ್ದಾಗ, ಆ ಬಲಕಿವಿಗಳನ್ನು ಮೇಯಿಸಿ ಮರಿಮಾಡಿಸಿ ನಲವತ್ತಕ್ಕೆ ಏರಿಸಿದವನು ಮಲಕಾರಿಯೇ. “ಬಲಕಿವಿ ಅಷ್ಟೂ ಮಾರಿದ್ರ ನಿನಗ ತಿರುಗಿ ಬರಾಕ ಜಾಗಾ ಉಳಿಯೂದಿಲ್ಲ ನೋಡು,” ಎಂದ. “ನಾ ಯಾಕ ತಿರುಗಿ ಬರ್ಲಿ?” ಎಂದಿದ್ದ ಭೀಮಸಿ. ಆ ಮಾತು ಆಡುವಾಗ ಬಾಯಲ್ಲಿ ಆಫೀಸಿನ ಚಹಾದ ರುಚಿ ಇನ್ನೂ ಇತ್ತು. ಅಥಣಿಯ ಸಂತೆಯಲ್ಲಿ ಕುರಿಗಳನ್ನು ಲಾರಿಗೆ ಏರಿಸುವಾಗ ಒಂದು ಕುರಿ ತಿರುಗಿ ಅಣ್ಣನ ಕಡೆ ನಡೆದುಬಂತು. ಮಲಕಾರಿ ಅದರ ಕತ್ತು ಹಿಡಿದು ತಾನೇ ಮೇಲೆ ನೂಕಿದ.  

ಚಿಕ್ಕೋಡಿಯಲ್ಲಿ ಬಸ್ಸು ನಿಂತಾಗ ಭೀಮಸಿ ಆಫೀಸಿನ ಕಡೆ ನೋಡದಿರಲು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಹಾಜಿರಾಬಿ ಇಳಿದು ಹೋಗಿ ಎರಡು ಪೇರಲ ಕೊಂಡುತಂದು ದೊಡ್ಡದನ್ನು ಅವನಿಗೆ ಕೊಟ್ಟಳು. ಅವನು ತಿಂದ. ಬೀಜಗಳು ಹಲ್ಲಿನ ಸಂದಿಗೆ ಸಿಕ್ಕು ಅಂಕಲಿ ಬರುವವರೆಗೂ ನಾಲಗೆಯಿಂದ ಅವನ್ನು ಕೆದಕುತ್ತಲೇ ಇದ್ದ. ಹೋದ ವರ್ಷ ಆಗಸ್ಟ್ ಹದಿನೈದರಂದು ಇದೇ ಬಸ್ಸಿನಲ್ಲಿ ಇದೇ ಸೀಟಿನಲ್ಲಿ ಡಾಲ್ಡಾ ಡಬ್ಬಿಯಲ್ಲಿ ಬೇವಿನ ಸಸಿಯಿಟ್ಟುಕೊಂಡು ಹೋಗಿದ್ದ. ವಖಾರಿಗೆ ರಜೆ. ಮಳೆಗಾಲದಲ್ಲಿ ಸಸಿ ಹಚ್ಚಿದರೆ ಅವ್ವ ಬರುವ ಹೊತ್ತಿಗೆ ಮೊಳಕಾಲೆತ್ತರವಾದರೂ ಆದೀತು. ಅಂಕಲಿಗಿಂತ ಮುಂಚೆಯೇ ಬಸ್ಸು ನಿಂತಿತು, ಎಲ್ಲರೂ ಇಳಿದರು. ರಸ್ತೆ ನೆಟ್ಟಗೆ ನೀರಿನೊಳಕ್ಕೆ ಹೋಗಿತ್ತು. ಕೆಂಪು ಬಣ್ಣದ, ಸದ್ದಿಲ್ಲದ, ಆಚೆ ದಂಡೆ ಕಾಣದ ನೀರು. ಅದರ ನಡುವೆ ಸಿಮೆಂಟಿನ ಕಮಾನೊಂದರ ತಲೆ ಮಾತ್ರ ಕಾಣುತ್ತಿತ್ತು. ‘ಕೃಷ್ಣಾದರ್ಶನ ನಗರಕ್ಕೆ ಸ್ವಾಗತ’ ಎಂಬ ಅಕ್ಷರಗಳ ಕಾಲು ನೀರಿನಲ್ಲಿದ್ದವು. ಅವನು ಡಬ್ಬಿ ಹಿಡಿದು ನಿಂತದ್ದನ್ನು ಕಂಡು ಯಾರೋ “ಪ್ಲಾಟಿನವರ ಏನ್ರಿ?” ಎಂದರು. ಅದರಲ್ಲಿ ಕುಹಕವಿರಲಿಲ್ಲ, ಸತ್ತವರ ಮನೆಯವರನ್ನು ಗುರುತು ಹಿಡಿಯುವ ದನಿ ಅದು. ಪಕ್ಕದ ಎತ್ತರದ ಹೊಲದ ಅಣ್ಣಾಸಾಬ ಛತ್ರಿ ಹಿಡಿದು ನೀರು ನೋಡುತ್ತ ನಿಂತಿದ್ದ. ಮುದುಕ, ಸುತ್ತಲಿನ ನೆಲವೆಲ್ಲ ಗೊತ್ತಿದ್ದವನು. “ದರ್ಶನ ಅಂತ ಹೆಸರ ಇಟ್ಟಾರಲ್ಲಪಾ, ತಪ್ಪದಂಗ ವರ್ಷಾ ಬಂದ ದರ್ಶನ ಕೊಡ್ತಾಳ,” ಎಂದ. “ವರ್ಷಾ?” ಎಂದು ಕೇಳಿದ ಭೀಮಸಿ. “ಒಂದ ವರ್ಷ ಮೊಳಕಾಲು, ಒಂದ ವರ್ಷ ತಲಿ ಮ್ಯಾಲ. ಮಿರಗದ ಮಳಿ ಕೂಡಿ ಎರಡ ತಿಂಗಳಿಗೆ ಹಳ್ಳ ಹಿಡದ ಮ್ಯಾಲ ಬರ್ತಾಳ, ಗಣಪತಿ ಹಬ್ಬಕ್ಕ ಇಳೀತಾಳ. ಸುತ್ತ ಎಲ್ಲಾ ಕಬ್ಬು, ಇದೊಂದ ಹೊಲ ಹಿಂಗಾರಿ ಜ್ವಾಳ ಯಾಕ ಅಂತ ಕೇಳಬೇಕಿತ್ತಲ್ಲಾ ನೀ?”

ಮಾರ್ಚಿನಲ್ಲಿ ಸಂಚಕಾರ ಬರೆದ ದಿನ ಭೀಮಸಿ ಸುತ್ತಲಿನವರಿಗೆಲ್ಲ ಪೇಢೆ ಹಂಚಿದ್ದ. ಅಣ್ಣಾಸಾಬ ಎರಡು ತಿಂದಿದ್ದ. ಛಲೋ ಆತು ತಮ್ಮಾ, ಎಂದಿದ್ದ. ಆ ಎರಡು ಪೇಢೆಗಳನ್ನು ಭೀಮಸಿ ಇಂದಿಗೂ ಮರೆತಿಲ್ಲ. ಬಾಪುಸಾಹೇಬನದು ಧಂದೆ, ಸುಳ್ಳು ಅವನ ಬಂಡವಾಳ. ಆದರೆ ಇವನು? ಇವನ ಹೊಲಕ್ಕೂ ಅವ್ವ ಕುರಿ ತರುಬಿದ್ದಳು, ಇವನ ಹೆಂಡತಿಗೆ ಮಜ್ಜಿಗೆ ಕೊಟ್ಟಿದ್ದಳು. ಊರಿಗೆ ಊರೇ ಗೊತ್ತಿದ್ದು ಸುಮ್ಮನಿತ್ತು. ಕುರುಬರಿಗೇಕೆ ಹೇಳಬೇಕು, ಅವರು ಈ ಊರಿನವರೇ? ಮೂವತ್ತು ವರ್ಷ ಬಂದು ಹೋದವರು, ಬಂದಷ್ಟೇ ಸಲ ಹೋದವರು. ಅಲ್ಲಿಯೇ, ಆ ಕೆಂಪು ನೀರಿನ ಮುಂದೆ, ತಮ್ಮ ತಪ್ಪು ಯಾವುದೆಂದು ಅವನಿಗೆ ಹೊಳೆದಿತ್ತು. ಜೂನಿನಲ್ಲಿ ಮಿರಗದ ಮೋಡ ಕಟ್ಟಿತು ಅಂದರೆ ಹಿಂಡು ಹೊಳೆದಂಡೆ ಬಿಡುತ್ತದೆ. ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಆದ್ದರಿಂದ ಮೂಡಲಕ್ಕೆ, ಜತ್ತಿನ ಕಡೆಯ ಒಣ ಮಡ್ಡಿಗೆ ನಡೆಯುತ್ತಾರೆ, ತಿರುಗಿ ಬರುವುದು ಶಿವರಾತ್ರಿಗೆ. ಅವನ ಅವ್ವ, ಅವಳ ಅತ್ತೆ, ಆ ಅತ್ತೆಯ ಅತ್ತೆ, ಯಾರೂ ಈ ನೆಲವನ್ನು ಮಳೆಗಾಲದಲ್ಲಿ ಕಂಡಿರಲಿಲ್ಲ. ಹುಲ್ಲಿನ ಕಡ್ಡಿ ಸಹಿತ ಗೊತ್ತು ಎಂದು ಹೆಮ್ಮೆಪಟ್ಟದ್ದು ವರ್ಷದ ಮೂರು ತಿಂಗಳ ನೆಲವನ್ನು. ಪಿಯುಸಿ ಓದಿದ ಅವನು ಉತಾರದ ಮೇಲಿನ ಸಿಕ್ಕಾ ಪರೀಕ್ಷಿಸಿದ್ದ, ಇದನ್ನು ಯೋಚಿಸಿರಲಿಲ್ಲ. ಬೇವಿನ ಸಸಿ ಅದೇ ಡಬ್ಬಿಯಲ್ಲಿ ನಿಪ್ಪಾಣಿಗೆ ತಿರುಗಿ ಬಂದು ಕೋಣೆಯ ಕಿಟಕಿಯಲ್ಲಿ ಒಣಗಿತು.

ಮರುದಿನ ವಖಾರಿಗೆ ಹೋಗದೆ ನೇರ ಚಿಕ್ಕೋಡಿಯ ಆಫೀಸಿಗೆ ಹೋಗಿ ಮೇಜು ಗುದ್ದಿದ್ದ. ಬಾಪುಸಾಹೇಬ ಮೇಜಿನ ಮೇಲೆ ಚೆಲ್ಲಿದ ಚಹಾವನ್ನು ವರ್ತಮಾನಪತ್ರದಿಂದ ಒರೆಸಿ, ಈ ಸಲ ಕುರ್ಚಿ ತೋರಿಸದೆ, “ನಾ ಏನ್ ಸುಳ್ಳ ಹೇಳೀನಿ? ಅವ್ವನ್ನ ಕೇಳು ಅಂದ್ನಿ, ಕೇಳ್ದಿ. ತಪ್ಪಾತು ಅಂದ್ರ ಮನಿಗೆ ಹೋಗಿ ಆಕಿನ್ನ ಬೈ,” ಎಂದ. ಆಮೇಲೆ ದನಿ ಇಳಿಸಿ, “ಒದರಬ್ಯಾಡ. ನೀ ಈ ಧಂದೆದಾಗ ಹೊಸಬ. ಇಲ್ಲಿ ನಾವು ನೆಲ ಮಾರೂದಿಲ್ಲೋ ಹುಚ್ಚಾ, ತಿಂಗಳ ಮಾರ್ತೀವಿ. ಮಾರ್ಚ್ ತಿಂಗಳದಾಗ ಬಾ, ಗಿರಾಕಿ ನಾ ಕೊಡ್ತೀನಿ. ಹಾಕಿದ್ದಕ್ಕ ಒಂದೂವರಿ ಪಟ್ಟು ತಗೊಂಡ ಹೋಗು. ಬಾಯಿ ಮಾತ್ರ ಮುಚ್ಚಿಟಗೋ,” ಎಂದಿದ್ದ. ಭೀಮಸಿ ಬಾಯಿ ಮುಚ್ಚಿಟ್ಟುಕೊಂಡ. ಆಗಸ್ಟಿನಿಂದ ಮಾರ್ಚಿನವರೆಗೆ, ತಾನೂ ಅಣ್ಣಾಸಾಬನಂತೆ. ಆ ಅವಧಿಯಲ್ಲಿ ಇನ್ನೂ ಎಷ್ಟು ಮಂದಿ ಆ ಕುರ್ಚಿಯ ಮೇಲೆ ಕೂತು ಚಹಾ ಕುಡಿದರೋ, ಎಷ್ಟು ಮಂದಿಗೆ ಅವನ ಅವ್ವನ ಹೆಸರು ಹೇಳಿ ಮಾರಿದನೋ. ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು.

ಈ ಸಲ ಬಸ್ಸು ಕಮಾನಿನ ಮುಂದೆಯೇ ನಿಂತಿತು. ಕಮಾನಿಗೆ ಹೊಸ ಬಣ್ಣ ಬಳಿದಿದ್ದರು, ನೀರಿನ ಕಲೆ ಕಾಣುತ್ತಿರಲಿಲ್ಲ. ಕಲ್ಲುಗಳಿಗೆ ಹೊಸ ಸುಣ್ಣ. ಹಾಜಿರಾಬಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಒಳಗೆ ನಡೆದಳು. “ನೆಲ ಗಟ್ಟಿ ಐತಿ,” ಎಂದಳು. ಹದಿನೇಳನೆಯ ಕಲ್ಲಿನ ಹತ್ತಿರ ನಿಂತು ಗಾಳಿ ಯಾವ ಕಡೆಯಿಂದ ಬರುತ್ತದೆ, ಸೂರ್ಯ ಎಲ್ಲಿ ಮುಳುಗುತ್ತಾನೆ, ಅಂಗಡಿ ಎಷ್ಟು ದೂರ ಎಂದೆಲ್ಲ ಕೇಳಿದಳು. ಅವನು ಹೇಳಿದ. ತನ್ನ ದನಿ ಬಾಪುಸಾಹೇಬನ ದನಿಯಂತೆ ಸಾವಕಾಶವಾಗಿ, ಸ್ವಲ್ಪ ಬೇಸರದಿಂದ ಬರುತ್ತಿದೆ ಎಂದು ಗಮನಿಸಿದ. ಮಾರುವವನಿಗೆ ಈ ಬೇಸರ ಒಪ್ಪುತ್ತದೆ. ನಾಲ್ಕು ಹೆಜ್ಜೆ ಅಳೆದು ಇಲ್ಲಿ ಒಲೆ, ಇಲ್ಲಿ ಮೊರ ಇಟ್ಟುಕೊಂಡು ಕೂಡುವ ಜಾಗ ಎಂದು ಅವಳು ಕಾಲಿನಿಂದ ಗೆರೆ ಎಳೆದಳು. ಅವ್ವ ತೋರಿಸಿದ ಕಡೆಯೇ ಇವಳ ಒಲೆಯೂ ಬಂತು. ಆಮೇಲೆ ತಲೆಯೆತ್ತಿ ಬದುವಿನ ಮೇಲಿದ್ದ ಜಾಲಿಯ ಗಿಡವನ್ನು ನೋಡಿದಳು. ಉಳಿದ ಗಿಡಗಳನ್ನೆಲ್ಲ ಬಾಪುಸಾಹೇಬ ಸವರಿಸಿದ್ದ, ಇದೊಂದು ಹೇಗೋ ಉಳಿದಿತ್ತು. ಅದರ ಮುಳ್ಳುಕೊಂಬೆಗಳಲ್ಲಿ, ಆಳೆತ್ತರಕ್ಕಿಂತ ಮೇಲೆ, ಒಣಗಿದ ಹುಲ್ಲು, ಕಬ್ಬಿನ ರವದಿ, ಹರಿದ ಪ್ಲಾಸ್ಟಿಕ್ ಚೀಲ ಜೋತುಬಿದ್ದಿದ್ದವು. ಎಲ್ಲವೂ ಒಂದೇ ಎತ್ತರಕ್ಕೆ, ಎಲ್ಲವೂ ಒಂದೇ ದಿಕ್ಕಿಗೆ.

“ಅಷ್ಟ ಮ್ಯಾಲ ಕಸಾ ಯಾರ ಒಗದಾರಿ?”

“ಗಾಳಿಗಿ ಹಾರಿ ಬಂದಿರತೈತ್ರಿ,” ಎಂದ ಭೀಮಸಿ.

ಇಷ್ಟು ಸಲೀಸಾಗಿ ಬಂತು ಅದು. ಬಸ್ಸಿನಲ್ಲಿ ಕೂತು ತನ್ನೊಡನೆ ತಾನೇ ಕಾದಾಡಿದ್ದೆಲ್ಲ ಈ ಒಂದು ಮಾತಿಗೆ; ಅದು ಬಾಯಿಂದ ಪೇರಲದ ಬೀಜದಂತೆ ಜಾರಿ ಬಿತ್ತು. ಹಾಜಿರಾಬಿ ಇನ್ನೂ ಒಂದು ಕ್ಷಣ ಗಿಡ ನೋಡಿ, ರವಿಕೆಯೊಳಗೆ ಕೈಹಾಕಿ ಬಟ್ಟೆಯ ಗಂಟು ಹೊರತೆಗೆದಳು. “ಇದರಾಗ ಸಂಚಕಾರದ ರೊಕ್ಕ ಐತಿ. ಹೆಸರ ನನ್ನ ಮಗಳದು ಹಾಕ್ರಿ,” ಎಂದಳು. ಗಂಟು ಬಿಗಿಯಾಗಿ ಕಟ್ಟಿತ್ತು, ಹಲ್ಲಿನಿಂದ ಬಿಚ್ಚತೊಡಗಿದಳು. ಭೀಮಸಿ ಕಿಸೆಯಿಂದ ಬಾಂಡು ತೆಗೆದ. ಬೆವರಿಗೆ ಅದರ ಮಡಿಕೆ ಮೆತ್ತಗಾಗಿತ್ತು. ಆಗಲೇ ರಸ್ತೆಯ ಕಡೆಯಿಂದ ಆ ಸದ್ದು ಬಂತು. ಹುಟ್ಟಿದಾಗಿನಿಂದ ಕೇಳಿದ್ದು, ಸಾವಿರ ಗೊರಸುಗಳು ಡಾಂಬರು ಬಿಟ್ಟು ಮಣ್ಣಿಗೆ ಇಳಿಯುವಾಗ ಸದ್ದು ಒಮ್ಮೆಲೇ ತಗ್ಗುವುದು. ಧೂಳಿನ ಮುಂದೆ ಕುದುರೆ, ಕುದುರೆಯ ಮೇಲೆ ಮೂರು ಕಲ್ಲು, ಬೋಗುಣಿ, ಕಟ್ಟಿದ ಕೋಳಿ. ಪಕ್ಕದಲ್ಲಿ ಅವ್ವ. ವಾರ ಮುಂಚೆಯೇ ಬಂದಿದ್ದಳು.

“ಭೀಮಸ್ಯಾ, ನೀ ಇಲ್ಲೇ ಅದಿ ಏನೋ?” ಮಲಕವ್ವನಿಗೆ ಖುಷಿಯಾಗಿತ್ತು. “ಮೂಡಲ ಕಡೆ ಮೇವ ಇಲ್ಲ, ಲಗೂನ ಬಂದಿವಿ. ಮನಿ ಪಾಯಾ ತಗಿಸಾಕ ಬಂದಿರಬೇಕ ಅಂತ ನಿಮ್ಮಣ್ಣ ಅಂದ. ಈ ಯವ್ವ ಯಾರು?”

ಅವನು ಬಾಯಿ ತೆರೆಯುವ ಮುಂಚೆ ಹಾಜಿರಾಬಿಯೇ ಹೇಳಿದಳು. “ನಿಮ್ಮ ಪ್ಲಾಟ್ ನಾ ತಗೊಳಾಕತ್ತೀನ್ರಿ.”

ಅವ್ವ ಮಗನ ಮುಖ ನೋಡಿದಳು. ಮಲಕಾರಿಯೂ ಕಂಬಳಿ ಹೆಗಲಿನಿಂದ ಇಳಿಸುತ್ತ ನಿಂತು ನೋಡಿದ. ಕುರಿಗಳು ಸುಣ್ಣದ ಕಲ್ಲುಗಳ ನಡುವೆ ಹರಡಿ ಹಳೆಯ ಗುರುತಿನಂತೆ ಅಲ್ಲಲ್ಲೇ ಮಂಡಿಯೂರತೊಡಗಿದವು. “ಮಾರತೀ ಏನು?” ಎಂದಳು ಅವ್ವ.  ಮುಖದಲ್ಲಿ ಏನೋ ಒಂದು ಆರಿತು. ಆದರೆ ಎದುರಿಗೆ ಹೊಸ ಮನುಷ್ಯಳಿದ್ದಳು, ಬಂದವರೆದುರು ಮಗನ ವ್ಯವಹಾರ ಕೆಡಿಸಬಾರದು. ಅವಳು ಹಾಜಿರಾಬಿಯ ಕೈ ಹಿಡಿದುಕೊಂಡಳು. “ಅವನಿಗೇನ ಅಡಚಣಿ ಐತೋ ಏನೋ. ನೀ ಅಂಜಬ್ಯಾಡ ಯವ್ವಾ. ಛಲೋ ನೆಲ. ಮೂವತ್ತ ವರ್ಷ ನಾ ಇದರ ಮ್ಯಾಲ ಮಲಗೀನಿ. ಮಂಗಸೂಳಿ ಮಲ್ಲಯ್ಯನ ಆಣಿ ಮಾಡಿ ಹೇಳ್ತೀನಿ, ಇಲ್ಲಿ ಒಂದ ಹನಿ ಹಸಿ—”

“ಅವ್ವಾ,” ಎಂದ ಭೀಮಸಿ.

ಆಮೇಲೆ ತನ್ನನ್ನೇ ತಾನು ಎಷ್ಟು ಸಲ ಕೇಳಿಕೊಂಡರೂ ಅವನಿಗೆ ಅದು ಒಳ್ಳೆಯತನವೆನಿಸಲಿಲ್ಲ. ಅವನಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಅವ್ವನನ್ನು ನೋಯಿಸುವುದು. ಆ ಸುಕ್ಕುಗಟ್ಟಿದ ಕೈ ತಂಬಾಕು ಬಣ್ಣದ ಉಗುರಿನ ಆ ಕೈಯನ್ನು ಹಿಡಿದು, ದೇವರನ್ನು ಕರೆದು, ಬಾಪುಸಾಹೇಬನ ಧಂದೆಯನ್ನು ಪುಕ್ಕಟೆ ಮಾಡಿಕೊಡುತ್ತಿತ್ತು. ಎಷ್ಟು ಖಾತ್ರಿ ಇವಳಿಗೆ. ಇದೇ ಖಾತ್ರಿಯ ಮೇಲೆ ತನ್ನ ನಲವತ್ತು ಕುರಿ ಲಾರಿ ಏರಿದವು. “ಮಿರಗ ಕೂಡಿದ ಮ್ಯಾಲ ಈ ಹೊಲ ಒಂದ ದಿನಾನರ ನೋಡೀ ಏನು?” ಎಂದ. ದನಿ ವಖಾರಿಯಲ್ಲಿ ತೂಕ ಓದುವ ದನಿಯಾಗಿತ್ತು.

“ಆವಾಗ ನಾವ್ ಎಲ್ಲಿ ಇರ್ತೀವೋ ಇಲ್ಲಿ,” ಎಂದಳು ಅವ್ವ ನಗುತ್ತ. ನಗು ಪೂರ್ತಿಯಾಗುವ ಮೊದಲೇ ನಿಂತಿತು. ಅವಳು ಮಗನ ಕಡೆ ನೋಡಲಿಲ್ಲ. ಸುತ್ತಲಿನ ಕಬ್ಬು ನೋಡಿದಳು, ಬೋಳು ಹೊಲ ನೋಡಿದಳು, ಹೊಳೆಯ ಕಡೆಗಿದ್ದ ಇಳಿಜಾರು ನೋಡಿದಳು. ಆಮೇಲೆ ಜಾಲಿಯ ಗಿಡ. ಕುರಿ ಕಾದವಳಿಗೆ ಕೊಂಬೆಯಲ್ಲಿ ಸಿಕ್ಕ ಹುಲ್ಲು ಏನು ಹೇಳುತ್ತದೆಂದು ಯಾರೂ ತಿಳಿಸಬೇಕಿರಲಿಲ್ಲ. ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು. “ಎಷ್ಟ ಬಂದಿತ್ತು?” ಎಂದಳು.

ಭೀಮಸಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಅಂಗೈಯನ್ನು ಮಟ್ಟಸವಾಗಿ ಹಿಡಿದ.

ಹಾಜಿರಾಬಿ ಆ ಕೈಯನ್ನೂ ಗಿಡವನ್ನೂ ಒಂದಾದ ಮೇಲೊಂದು ನೋಡಿದಳು. ಅರ್ಧ ಬಿಚ್ಚಿದ್ದ ಗಂಟನ್ನು ತಿರುಗಿ ಕಟ್ಟಿದಳು, ಅವಸರವಿಲ್ಲದೆ, ಮೊದಲಿಗಿಂತ ಬಿಗಿಯಾಗಿ. “ಗಾಳಿ ಅಂದ್ರಲ್ಲ ಸಾಹೇಬ,” ಎಂದಳು. ಬಳೆಯ ಸಂದಿಯಿಂದ ಟಿಕೀಟು ತೆಗೆದು ಅವನದನ್ನು ಬೇರ್ಪಡಿಸಿ ಅವನ ಕಾಲ ಬಳಿ ಹಾಕಿದಳು. “ಆ ಪೇರಲ ಹಣ್ಣು ನಿಮ್ಮ ಹೊಟ್ಟ್ಯಾಗ ಗಿಡಾ ಆಗ್ಲಿ.” ಮಲಕವ್ವ ಏನೋ ಹೇಳಲು ಹೋದಳು. “ನೀ ಬ್ಯಾಡ ಅಮ್ಮಾ, ನಿನಗ ಗೊತ್ತಿದ್ದಿಲ್ಲ,” ಎಂದು ಹಾಜಿರಾಬಿ ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡಳು. ಮಲಕಾರಿ ಮುಖ ತಿರುಗಿಸಿ ಒಂದು ಮರಿಯ ಬಲಕಿವಿಯನ್ನು ಬೆರಳುಗಳ ನಡುವೆ ಉಜ್ಜುತ್ತ ನಿಂತಿದ್ದ. ಆ ಕಿವಿ ಕತ್ತರಿಸಿರಲಿಲ್ಲ. ಈ ವರ್ಷ ಯಾರದೆಂದು ಗುರುತು ಹಾಕುವುದು ಬಾಕಿ ಇತ್ತೇನೋ.

ಕಮಾನಿನಡಿಯಿಂದ ಜೀಪು ಒಳಗೆ ಬಂತು. ಬಾಪುಸಾಹೇಬ ಮುಂದೆ ಕೂತಿದ್ದ, ಹಿಂದೆ ಬಿಳಿ ಅಂಗಿಯ ಇಬ್ಬರು ಹೊಸ ಗಿರಾಕಿಗಳು. ಕುರಿಗಳು ಅಲುಗಲಿಲ್ಲ, ಜೀಪೇ ನಿಲ್ಲಬೇಕಾಯಿತು. ಬಾಪುಸಾಹೇಬನಿಗೆ ಹಿಂಡು ಕಂಡು ಸಂತೋಷವಾಗಿತ್ತು. “ಬರೋಬ್ಬರಿ ಹೊತ್ತಿಗೆ ಬಂದಾಳ ನೋಡ್ರಿ. ನಾ ಹೇಳಿದ್ದಲ್ಲ, ಈಕಿನ್ನ ಕೇಳ್ರಿ. ಹೇಳ ಮಲಕವ್ವಾ, ಹೆಂಗೈತಿ ನೆಲ?”

“ಛಲೋ ಐತ್ರಿ ಧಣಿ,” ಎಂದಳು ಮಲಕವ್ವ. “ಮಿರಗದ ತನಕ ಛಲೋ ಐತಿ. ಮುಂದಿಂದು ನನಗ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತು.”

ಬಾಪುಸಾಹೇಬ ನಕ್ಕ. ಗಿರಾಕಿಗಳು ನಗಲಿಲ್ಲ. ಅವರಲ್ಲೊಬ್ಬ ಜೀಪಿನಿಂದ ತಲೆ ಹೊರಗೆ ಹಾಕಿ, “ಈ ಮನಷ್ಯಾ ಯಾಕ ಕೈ ಎತ್ತಿ ನಿಂತಾನ್ರಿ?” ಎಂದ.

ಆಗಲೇ ಭೀಮಸಿಗೆ ತನ್ನ ಕೈ ಇನ್ನೂ ಮೇಲೇ ಇದೆಯೆಂದು ಗೊತ್ತಾದದ್ದು. ಬಾಪುಸಾಹೇಬ ಅವನನ್ನು ನೋಡಿದ. ಆಫೀಸಿನಲ್ಲಿ ಕುರ್ಚಿ ಮುಂದೆ ಸರಿಸಿದಾಗ ನೋಡಿದ್ದ ಹಾಗೆಯೇ, ಮನೆಯವನನ್ನು ನೋಡಿದ ಹಾಗೆ. “ಕೈ ಇಳಸೋ ಭೀಮಸಿ,” ಎಂದ ಮೆತ್ತಗೆ. ಇಳಿಸಿದರೆ ಇನ್ನೂ ಏನೂ ಕೆಟ್ಟಿರಲಿಲ್ಲ. ಒಬ್ಬ ಬೀಡಿಯವಳು ಹೋದಳು, ಈ ಮಾರ್ಚಿನಲ್ಲಿ ಇನ್ನೂ ಇಪ್ಪತ್ತು ದಿನವಿತ್ತು. ಮುದುಕಿಗೆ ಅರಳುಮರಳು ಎಂದರೆ ಸಾಕು, ಬಿಳಿ ಅಂಗಿಯವರು ನಂಬುತ್ತಾರೆ. ಇಳಿಸದಿದ್ದರೆ ಹದಿನೇಳನೆಯ ಪ್ಲಾಟು ಸಾಯುವ ತನಕ ಅವನದೇ. ತೋಳು ಭುಜದ ಹತ್ತಿರ ಸೆಳೆಯತೊಡಗಿತ್ತು. ದೂರದಲ್ಲಿ ಹಾಜಿರಾಬಿ ಕಮಾನು ದಾಟಿ ರಸ್ತೆಗೆ ಹತ್ತಿದಳು, ತಿರುಗಿ ನೋಡಲಿಲ್ಲ. ಅವಳು ನೋಡಬೇಕಿತ್ತು ಎಂದು ಅವನಿಗೆ ಸಿಟ್ಟು ಬಂತು.

“ಇಲ್ಲೀತನಕ,” ಎಂದ ಅವನು ಜೀಪಿನವರಿಗೆ, ಕೈ ಇಳಿಸದೆ. “ನೀರು. ಇಲ್ಲೀತನಕ.”